ಮಣ್ಣು, ಹೊಳೆ, ಗುಡ್ಡ ಕಂಡ ಗಾಡಿಗೆ ಆಯಿಲ್ ಬದಲಾವಣೆ ಮತ್ತು ಮುಂಜಾಗ್ರತೆಯ ನಿರ್ವಹಣೆ: ಸಮಗ್ರ ಮಾರ್ಗದರ್ಶಿ

ಫೋರ್ ವೀಲ್ ಡ್ರೈವ್ ಗಾಡಿಯ ಕೈಪಿಡಿಯಲ್ಲಿ ಸಾಮಾನ್ಯವಾಗಿ ಎರಡು ವೇಳಾಪಟ್ಟಿಗಳಿರುತ್ತವೆ. ಒಂದು ಸಾಧಾರಣ ಬಳಕೆಗೆ, ಇನ್ನೊಂದು ಕಠಿಣ ಬಳಕೆಗೆ. ಮೊದಲನೆಯದನ್ನು ಎಲ್ಲರೂ ಓದುತ್ತಾರೆ, ಅದರಲ್ಲಿ ಅಂತರಗಳು ದೊಡ್ಡವು, ಖರ್ಚು ಕಡಿಮೆ. ಧೂಳು, ಕೆಸರು, ಹೊಳೆ, ಕಡಿದಾದ ಏರು, ಭಾರ ಎಳೆಯುವ ಕೆಲಸ ಇವುಗಳಲ್ಲಿ ಒಂದಾದರೂ ನಿಮ್ಮ ಓಡಾಟದಲ್ಲಿ ಆಗಾಗ ಬರುತ್ತಿದ್ದರೆ ನೀವು ನೋಡಬೇಕಾದದ್ದು ಎರಡನೆಯ ಪಟ್ಟಿ. ಇದರಲ್ಲಿ ಚೌಕಾಸಿಗೆ ಜಾಗವಿಲ್ಲ.

ಕಿಲೋಮೀಟರ್ ಲೆಕ್ಕವನ್ನೇ ನಂಬಿದರೆ ಕೆಡುವುದು ಹೀಗೆ. ಓಡೋಮೀಟರ್ ಎಣಿಸುವುದು ಚಕ್ರ ಕ್ರಮಿಸಿದ ದೂರವನ್ನು ಮಾತ್ರ. ಎಂಜಿನ್ ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಲೋ ರೇಂಜ್ (ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಗೇರ್) ಅನುಪಾತ 2.5 ಇದೆ ಎಂದುಕೊಳ್ಳಿ. ಅದೇ ಗೇರಿನಲ್ಲಿ ಅದೇ ಒಂದು ಕಿಲೋಮೀಟರ್ ಕ್ರಮಿಸಲು ಎಂಜಿನ್ ಎರಡೂವರೆ ಪಟ್ಟು ಸುತ್ತು ತಿರುಗಬೇಕು. ಅದೂ ಗಾಳಿ ತಾಗದ ನಿಧಾನ ವೇಗದಲ್ಲಿ, ಪೂರ್ತಿ ಹೊರೆ ಹೊತ್ತು. ಬಂಡೆಗಳ ನಡುವೆ ಇಡೀ ದಿನ ತೆವಳಿದ ಗಾಡಿಯ ಮೀಟರ್ ಇಪ್ಪತ್ತು ಕಿಲೋಮೀಟರ್ ತೋರಿಸಬಹುದು. ಆಯಿಲ್ ಮಟ್ಟಿಗೆ ಅದು ಇಪ್ಪತ್ತು ಕಿಲೋಮೀಟರ್ ಅಲ್ಲ. ಆದ್ದರಿಂದ ಈ ಬರಹದಲ್ಲಿ ಬರುವ ಅಂತರಗಳನ್ನೆಲ್ಲ ಗರಿಷ್ಠ ಮಿತಿ ಎಂದು ತಿಳಿಯಿರಿ. ಅದಕ್ಕೂ ಮುಂಚೆ ಆಯಿಲ್ ಬದಲಾಯಿಸಬೇಕೇ ಎಂಬುದನ್ನು ನೀರು, ಧೂಳು ಮತ್ತು ಬಿಸಿ ತೀರ್ಮಾನಿಸುತ್ತವೆ.

ಕೈ ಹಾಕುವ ಮುನ್ನ

ಗಾಡಿ ಸಮತಟ್ಟಾದ, ಗಟ್ಟಿ ನೆಲದ ಮೇಲಿರಬೇಕು. ಇಂಥ ಗಾಡಿಗಳು ನೆಲದಿಂದ ಎತ್ತರವಿರುವುದರಿಂದ ಬಹಳಷ್ಟು ಕೆಲಸ ಜಾಕ್ ಇಲ್ಲದೆಯೇ ಆಗುತ್ತದೆ. ಎತ್ತಲೇಬೇಕಾದರೆ ಭಾರವನ್ನು ಸ್ಟ್ಯಾಂಡಿನ ಮೇಲೆ ಇಳಿಸಿ, ಚಕ್ರಗಳಿಗೆ ಅಡ್ಡಗಟ್ಟೆ ಕೊಡಿ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬಾರದು. ಎತ್ತರದ ಬಂಪರ್ ಜಾಕ್ ಆದರಂತೂ ಗಾಡಿಯ ಕೆಳಗಿನ ಕೆಲಸಕ್ಕೆ ಬೇಡವೇ ಬೇಡ. ಒಂದು ಪಕ್ಕ ಮಾತ್ರ ಎತ್ತಿ ಆಯಿಲ್ ತುಂಬಿದರೆ ಮಟ್ಟವೂ ತಪ್ಪುತ್ತದೆ.

ಹೊಂದಿಸಿಕೊಳ್ಳಬೇಕಾದದ್ದು ಹೆಚ್ಚೇನಿಲ್ಲ: ಪ್ಲಗ್‌ಗಳಿಗೆ ಸರಿಹೊಂದುವ ಸಾಕೆಟ್ ಅಥವಾ ಅಲೆನ್ ಕೀ, ಟಾರ್ಕ್ ರೆಂಚ್ (ನಿಗದಿತ ಬಿಗಿ ಕೊಡುವ ಪಾನಾ), ಪ್ರತಿ ಪ್ಲಗ್‌ಗೂ ಹೊಸ ವಾಷರ್, ಗೇರ್ ಆಯಿಲ್ ತುಂಬಲು ಕೈಪಂಪ್, ಅಗಲವಾದ ತಟ್ಟೆ, ಲೀಟರ್ ಗುರುತಿರುವ ಡಬ್ಬಿ, ತಂತಿ ಬ್ರಷ್, ಬೇಕಾದಷ್ಟು ಬಟ್ಟೆಚೂರು. ಗುರುತಿರುವ ಡಬ್ಬಿ ಯಾಕೆ ಎಂಬುದು ಕೊನೆಯಲ್ಲಿ ಗೊತ್ತಾಗುತ್ತದೆ.

ಹಳೆಯ ಆಯಿಲ್ ಇಳಿಸುವಾಗ ಅದು ಬೆಚ್ಚಗಿರಲಿ, ಸುಡುವಷ್ಟು ಬಿಸಿ ಬೇಡ. ಹತ್ತು ಹದಿನೈದು ನಿಮಿಷ ಓಡಿಸಿ ತಂದರೆ ತಳದಲ್ಲಿ ಕುಳಿತ ಕಸವೂ ಆಯಿಲ್ ಜೊತೆ ಎದ್ದು ಹೊರಬರುತ್ತದೆ. ಕೈಗವಸು ಹಾಕಿಕೊಳ್ಳಿ. ಬಳಸಿದ ಆಯಿಲನ್ನು ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಹಳೆಯ ಆಯಿಲ್ ಸ್ವೀಕರಿಸುವ ಕಡೆ ಕೊಡಿ. ಮಣ್ಣಿಗೆ, ಚರಂಡಿಗೆ ಸುರಿಯಬೇಡಿ. ಕೂಲೆಂಟನ್ನು ಅದರೊಂದಿಗೆ ಬೆರೆಸದೆ ಬೇರೆಯೇ ಡಬ್ಬಿಯಲ್ಲಿಡಿ.

ಡಿಫರೆನ್ಷಿಯಲ್: ಮೊದಲು ಕೈ ಹಾಕಬೇಕಾದ ಜಾಗ

ಎಂಜಿನ್ ಆಯಿಲ್ ಬಗ್ಗೆ ಎಲ್ಲರಿಗೂ ಕಾಳಜಿ. ಒರಟು ದಾರಿಯ ಗಾಡಿಯಲ್ಲಿ ಸದ್ದಿಲ್ಲದೆ ಸಾಯುವುದು ಮಾತ್ರ ಹಿಂದೆ ಮುಂದೆ ಇರುವ ಡಿಫರೆನ್ಷಿಯಲ್‌ಗಳು, ಅಂದರೆ ಆಕ್ಸಲ್ ನಡುವೆ ಕೂತು ಎಡ ಬಲ ಚಕ್ರಗಳಿಗೆ ಬಲ ಹಂಚುವ ಗೇರ್ ಗೂಡುಗಳು. ಅವುಗಳಿಗೆ ಫಿಲ್ಟರ್ ಇಲ್ಲ, ಎಚ್ಚರಿಕೆಯ ದೀಪ ಇಲ್ಲ, ಮಟ್ಟ ನೋಡುವ ಕಡ್ಡಿ (ಡಿಪ್‌ಸ್ಟಿಕ್) ಕೂಡ ಇಲ್ಲ. ಹೊಳೆಗೆ ಇಳಿದಾಗ ಪೂರ್ತಿ ಮುಳುಗುವುದೂ ಅವೇ.

ನೀರು ಒಳಗೆ ಹೋಗುವ ಬಗೆ ಸ್ವಾರಸ್ಯಕರವಾಗಿದೆ. ಓಡುತ್ತಾ ಬಂದ ಡಿಫರೆನ್ಷಿಯಲ್ ಒಳಗಿನ ಗಾಳಿ 80 ಡಿಗ್ರಿ ಸೆಲ್ಸಿಯಸ್ ಇದ್ದು, ಹೊಳೆಯ ನೀರು ಅದನ್ನು 25 ಡಿಗ್ರಿಗೆ ಇಳಿಸಿತು ಎನ್ನಿ. ಆ ಗಾಳಿಯ ಗಾತ್ರ ಹೆಚ್ಚುಕಡಿಮೆ ಆರನೆಯ ಒಂದು ಭಾಗದಷ್ಟು ಕುಗ್ಗುತ್ತದೆ. ಖಾಲಿಯಾದ ಜಾಗಕ್ಕೆ ಏನಾದರೂ ಒಳಬರಲೇಬೇಕು. ಆಕ್ಸಲ್ ಮೇಲಿರುವ ಬ್ರೀದರ್ ಎಂಬ ಪುಟ್ಟ ಕವಾಟ ತೆರೆದಿದ್ದು ನೀರಿನಿಂದ ಮೇಲಿದ್ದರೆ ಗಾಳಿ ಬರುತ್ತದೆ. ಅದು ಕೆಸರು ಮೆತ್ತಿ ಮುಚ್ಚಿದ್ದರೆ ಡಿಫರೆನ್ಷಿಯಲ್ ತನ್ನ ಆಯಿಲ್ ಸೀಲಿನ (ಶಾಫ್ಟ್ ಸುತ್ತಲಿನ ರಬ್ಬರ್ ಉಂಗುರದ) ತುಟಿಯ ಸಂದಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ಸೀಲುಗಳನ್ನು ಮಾಡಿರುವುದು ಆಯಿಲನ್ನು ಒಳಗೆ ಹಿಡಿದಿಡಲು. ಹೊರಗಿನ ನೀರನ್ನು ತಡೆಯುವುದರಲ್ಲಿ ಅವು ಅಷ್ಟು ಗಟ್ಟಿಯಲ್ಲ. ಆದ್ದರಿಂದ ಮೊದಲ ಕೆಲಸ ಬ್ರೀದರ್ ಬಿಚ್ಚಿ ತೊಳೆದು, ಬಾಯಿಂದ ಊದಿ ಗಾಳಿ ಹೋಗುತ್ತಿದೆಯೇ ನೋಡುವುದು. ಹೊಳೆ ದಾಟುವ ಅಭ್ಯಾಸವಿರುವವರು ಆ ಜಾಗಕ್ಕೆ ಉದ್ದನೆಯ ಪೈಪ್ ಜೋಡಿಸಿ ಅದರ ಬಾಯಿಯನ್ನು ಎಂಜಿನ್ ಕೋಣೆಯ ಎತ್ತರಕ್ಕೆ ಒಯ್ಯಬೇಕು. ಇಷ್ಟು ಅಗ್ಗದಲ್ಲಿ ಇಷ್ಟು ದೊಡ್ಡ ನಷ್ಟ ತಪ್ಪಿಸುವ ಮಾರ್ಪಾಡು ಗಾಡಿಯಲ್ಲಿ ಮತ್ತೊಂದಿಲ್ಲ. ಜನ ಮಾತ್ರ ಮೊದಲು ದೀಪಗಳನ್ನೇ ಕೊಳ್ಳುತ್ತಾರೆ.

ಆಯಿಲ್ ಬದಲಾಯಿಸುವ ಕ್ರಮ:

1. ಎರಡೂ ಪ್ಲಗ್‌ಗಳ ಸುತ್ತಲಿನ ಒಣಮಣ್ಣನ್ನು ತಂತಿ ಬ್ರಷ್‌ನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ. ಅಲೆನ್ ಕೀ ಕೂರುವ ಕುಳಿಯಲ್ಲಿ ಗಟ್ಟಿಯಾದ ಮಣ್ಣನ್ನು ಮೊಳೆಯಿಂದ ಕೆರೆದು ತೆಗೆಯಿರಿ. ಕೀ ಪೂರ್ತಿ ಆಳಕ್ಕೆ ಇಳಿಯದಿದ್ದರೆ ಪ್ಲಗ್ಗಿನ ಮೂಲೆಗಳು ಸವೆದು ಹೋಗುತ್ತವೆ.

2. ಮೊದಲು ಸಡಿಲಿಸಬೇಕಾದದ್ದು ಮೇಲಿನ ಪ್ಲಗ್, ಅಂದರೆ ಆಯಿಲ್ ತುಂಬುವ ಪ್ಲಗ್. ಇದು ಗಾಡಿಯ ಕೆಳಗಿನ ಎಲ್ಲ ಕೆಲಸಕ್ಕೂ ಅನ್ವಯಿಸುವ ನಿಯಮ. ಕೆಳಗಿನದನ್ನು ತೆಗೆದು ಆಯಿಲೆಲ್ಲ ಸುರಿದ ಮೇಲೆ ಮೇಲಿನದು ತುಕ್ಕು ಹಿಡಿದು ಜಗ್ಗುವುದಿಲ್ಲ ಎಂದು ಗೊತ್ತಾದರೆ, ಗಾಡಿ ಎಲ್ಲಿದೆಯೋ ಅಲ್ಲಿಯೇ ನಿಲ್ಲುತ್ತದೆ.

3. ತಟ್ಟೆ ಇಟ್ಟು ಕೆಳಗಿನ ಪ್ಲಗ್ ತೆಗೆಯಿರಿ. ಹರಿವು ನಿಂತು ಹನಿಯಾಗುವವರೆಗೆ ಬಿಡಿ. ಕೆಲವು ಆಕ್ಸಲ್‌ಗಳಲ್ಲಿ ಕೆಳಗಿನ ಪ್ಲಗ್ ಇರುವುದೇ ಇಲ್ಲ. ಅಂಥ ಕಡೆ ಪಂಪಿನಿಂದ ಹೀರಿ ತೆಗೆಯಬೇಕು ಅಥವಾ ಹಿಂದಿನ ಕವರ್ ಬಿಚ್ಚಬೇಕು.

4. ಪ್ಲಗ್ ತುದಿಯಲ್ಲಿ ಅಯಸ್ಕಾಂತವಿದ್ದರೆ ಅದನ್ನು ಬೆಳಕಿಗೆ ಹಿಡಿದು, ಮೆತ್ತಿದ್ದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿ. ನುಣ್ಣನೆಯ ಬೂದು ಬಣ್ಣದ ಲೇಪ ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು, ಹೊಳೆಯುವ ಹಕ್ಕಳೆ ಸಿಕ್ಕರೆ ಬೇರಿಂಗ್ ಅಥವಾ ಹಲ್ಲು ಹೋಗುತ್ತಿದೆ. ಆಗ ಹೊಸ ಆಯಿಲ್ ತುಂಬಿ ಸುಮ್ಮನಾಗುವಂತಿಲ್ಲ, ಬಿಚ್ಚಿ ನೋಡಿಸಬೇಕು.

5. ಪ್ಲಗ್ ಒರೆಸಿ, ಹೊಸ ವಾಷರ್ ಹಾಕಿ, ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿ ಕೊಡಿ. ಅಲ್ಯೂಮಿನಿಯಂ ಕೇಸಿನಲ್ಲಿ ಮೈಬಲ ತೋರಿಸಿದರೆ ತಿರುಪಿನ ಮರೆ (ಥ್ರೆಡ್) ಹರಿಯುತ್ತದೆ.

6. ಮೇಲಿನ ರಂಧ್ರದಿಂದ ಹೊಸ ಆಯಿಲನ್ನು ಪಂಪ್ ಮಾಡಿ, ಅದು ರಂಧ್ರದ ಅಂಚಿಗೆ ಬಂದು ತೆಳ್ಳಗೆ ಹೊರಗೆ ಜಾರುವವರೆಗೆ ತುಂಬಿ. ಐದು ನಿಮಿಷ ಕಾಯಿರಿ. ಆಯಿಲ್ ಆಕ್ಸಲ್ ಕೊಳವೆಗಳಿಗೂ ಹರಡಿ ಮಟ್ಟ ಇಳಿದಿರುತ್ತದೆ, ಮತ್ತೆ ತುಂಬಿ. ಕೆಲವು ಮಾದರಿಗಳಲ್ಲಿ ಮಟ್ಟ ಅಂಚಿಗಿಂತ ತುಸು ಕೆಳಗಿರಬೇಕು, ಕೈಪಿಡಿ ನೋಡಿಕೊಳ್ಳಿ. ದಪ್ಪ ಆಯಿಲ್ ಪಂಪಿನಲ್ಲಿ ಏರದಿದ್ದರೆ ಡಬ್ಬಿಯನ್ನು ಸ್ವಲ್ಪ ಹೊತ್ತು ಬಿಸಿಲಿನಲ್ಲಿಡಿ.

ಹೊರಬಂದ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ಒಂದು ಸಲ ಬದಲಾಯಿಸಿದರೆ ಸಾಲದು. ಹೊಸ ಆಯಿಲ್ ಹಾಕಿ, ಸ್ವಲ್ಪ ದೂರ ಓಡಿಸಿ, ಮತ್ತೆ ಇಳಿಸಿ ನೋಡಿ. ಬಣ್ಣ ಸ್ವಚ್ಛವಾಗುವವರೆಗೂ ಹೀಗೆ ಮಾಡಬೇಕು. ನೀರು ಬಂದ ದಾರಿ ಬ್ರೀದರೋ ಸೀಲೋ ಎಂಬುದನ್ನೂ ಅಷ್ಟರಲ್ಲಿ ಪತ್ತೆ ಮಾಡಿ.

ಯಾವ ಆಯಿಲ್? ಡಿಫರೆನ್ಷಿಯಲ್‌ಗೆ ಸಾಮಾನ್ಯವಾಗಿ ಜಿಎಲ್-5 ದರ್ಜೆಯ ಗೇರ್ ಆಯಿಲ್, 75ಡಬ್ಲ್ಯು-90 ಅಥವಾ 80ಡಬ್ಲ್ಯು-90 ದಪ್ಪದ್ದು. ಕ್ರೌನ್ ಮತ್ತು ಪಿನಿಯನ್ ಎಂಬ ಒಳಗಿನ ಗೇರುಗಳ ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ ಒತ್ತುವುದರಿಂದ ಅಲ್ಲಿ ವಿಪರೀತ ಒತ್ತಡ ತಡೆಯುವ ಸೇರ್ಪಡೆಗಳು ಬೇಕು. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಒಂದೇ ಚಕ್ರ ಜಾರಿ ಸುಮ್ಮನೆ ಸುತ್ತುವುದನ್ನು ತಗ್ಗಿಸುವಂಥದ್ದು) ಕ್ಲಚ್ ಪ್ಲೇಟುಗಳ ಮಾದರಿಯದಾದರೆ ಅದಕ್ಕೆಂದೇ ತಯಾರಿಸಿದ ಆಯಿಲ್ ಅಥವಾ ಪ್ರತ್ಯೇಕ ಸೇರ್ಪಡೆ ಬೇಕು. ಇಲ್ಲದಿದ್ದರೆ ತಿರುವುಗಳಲ್ಲಿ ಗಡಗಡ ನಡುಗುತ್ತದೆ. ಅಂತರ ಸಾಮಾನ್ಯವಾಗಿ 40,000 ಕಿ.ಮೀ. ಆಸುಪಾಸು ಇದ್ದರೆ, ಕಠಿಣ ಬಳಕೆಯಲ್ಲಿ ಅದರ ಅರ್ಧ ಎಂದಿಟ್ಟುಕೊಳ್ಳಿ.

ಟ್ರಾನ್ಸ್‌ಫರ್ ಕೇಸ್ ಮತ್ತು ಗೇರ್ ಬಾಕ್ಸ್

ಟ್ರಾನ್ಸ್‌ಫರ್ ಕೇಸಿನಲ್ಲಿ ಆಯಿಲ್ ಬದಲಾಯಿಸುವ ವಿಧಾನ ಮೇಲಿನದೇ. ಎಡವುವುದು ಆಯಿಲ್ ಆಯ್ಕೆಯಲ್ಲಿ. ಚೈನ್ ಇರುವ ಹಲವು ಟ್ರಾನ್ಸ್‌ಫರ್ ಕೇಸುಗಳು ತೆಳುವಾದ ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಆಯಿಲ್ ಕೇಳುತ್ತವೆ, ಗೇರುಗಳಿಂದಲೇ ನಡೆಯುವ ಹಲವು ದಪ್ಪ ಗೇರ್ ಆಯಿಲ್ ಕೇಳುತ್ತವೆ. ಹೊರಗಿನಿಂದ ನೋಡಿ ಹೇಳಲಾಗುವುದಿಲ್ಲ.

ಮ್ಯಾನ್ಯುಯಲ್ ಗೇರ್ ಬಾಕ್ಸಿಗೆ ಜಿಎಲ್-4 ಎಂದು ಬರೆದಿದ್ದರೆ ಜಿಎಲ್-4 ಅನ್ನೇ ಹಾಕಿ. ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಜಿಎಲ್-5 ಉತ್ತಮವಾಗುವುದಿಲ್ಲ. ಅದರಲ್ಲಿ ಹೆಚ್ಚಿನ ಪ್ರಮಾಣದಲ್ಲಿರುವ ಗಂಧಕ ಮತ್ತು ರಂಜಕದ ಸೇರ್ಪಡೆಗಳು ಬಿಸಿಯಲ್ಲಿ ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳನ್ನು (ಗೇರ್ ಬದಲಿಸುವಾಗ ವೇಗ ಹೊಂದಿಸುವ ಉಂಗುರಗಳನ್ನು) ತಿನ್ನಬಹುದು. ಗೇರ್ ಕೂರುವಾಗ ಸಿಂಕ್ರೊಗೆ ಬೇಕಾದ ಉಜ್ಜಾಟವೂ ಕಡಿಮೆಯಾಗಬಹುದು.

ಆಟೊಮ್ಯಾಟಿಕ್ ಆದರೆ ಬಿಸಿಯೇ ಮುಖ್ಯ ವೈರಿ. ಮರಳಿನಲ್ಲಿ ಹೂತು ಎಳೆದಾಡುವಾಗ, ಎಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್ ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಒಳಗೆ ಜಾರಾಟ ಹೆಚ್ಚಿ ಆಯಿಲ್ ಕಾಯುತ್ತದೆ. ಡಿಪ್‌ಸ್ಟಿಕ್ ಇದ್ದರೆ ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟು ನೋಡಿ. ಕಂದು ಬಣ್ಣ, ಸುಟ್ಟ ವಾಸನೆ ಇದ್ದರೆ ಕಾಲ ಮೀರಿದೆ. ಪ್ಲಗ್ ತೆಗೆದು ಇಳಿಸಿದಾಗ ಹೊರಬರುವುದು ಒಟ್ಟು ಆಯಿಲಿನ ಒಂದು ಭಾಗ ಮಾತ್ರ, ಉಳಿದದ್ದು ಕನ್ವರ್ಟರ್ ಮತ್ತು ಕೂಲರ್ ಪೈಪುಗಳಲ್ಲಿ ಇರುತ್ತದೆ. ಇಳಿದಷ್ಟನ್ನೇ ಅಳೆದು ತುಂಬಿ. ಮಟ್ಟ ನೋಡುವುದು ಬಹುತೇಕ ಗಾಡಿಗಳಲ್ಲಿ ಎಂಜಿನ್ ಓಡುತ್ತಿರುವಾಗ, ನಿಗದಿತ ಬಿಸಿಯಲ್ಲಿ. ಡಿಪ್‌ಸ್ಟಿಕ್ಕೇ ಇಲ್ಲದ ಗೇರ್ ಬಾಕ್ಸ್ ಆದರೆ ಈ ಕೆಲಸವನ್ನು ಪರಿಣತರಿಗೆ ಬಿಡುವುದು ಮೇಲು.

ಎಂಜಿನ್ ಆಯಿಲ್

ಇದು ಎಲ್ಲರಿಗೂ ಗೊತ್ತಿರುವ ಕೆಲಸ, ಆದ್ದರಿಂದ ತಪ್ಪುವ ಜಾಗಗಳನ್ನಷ್ಟೇ ಹೇಳುತ್ತೇನೆ. ಹಳೆಯ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ಉಂಗುರವೂ ಜೊತೆಗೆ ಬಂದಿದೆಯೇ ನೋಡಿ. ಅದು ಬ್ಲಾಕಿಗೆ ಅಂಟಿಕೊಂಡೇ ಉಳಿದು ಮೇಲೆ ಹೊಸದು ಕೂತರೆ, ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಆಯಿಲ್ ಚಿಮ್ಮುತ್ತದೆ. ಹೊಸ ಉಂಗುರಕ್ಕೆ ಬೆರಳಿನಿಂದ ಆಯಿಲ್ ಸವರಿ, ಉಂಗುರ ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು ತಿರುಗಿಸಿದರೆ ಸಾಮಾನ್ಯವಾಗಿ ಸಾಕು.

ಡೀಸೆಲ್ ಎಂಜಿನ್ ಆಯಿಲ್ ಹಾಕಿದ ಕೆಲವೇ ದಿನಗಳಲ್ಲಿ ಕಪ್ಪಾದರೆ ಗಾಬರಿ ಬೇಡ, ಮಸಿಯನ್ನು ತನ್ನಲ್ಲಿ ಹಿಡಿದಿಡುವುದೇ ಅದರ ಕೆಲಸ. ಗಾಬರಿಯಾಗಬೇಕಾದದ್ದು ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ತಾನಾಗಿ ಏರಿದಾಗ. ಹೊಗೆಯ ಮಸಿ ಸುಡುವ ಫಿಲ್ಟರ್ ಇರುವ ಹೊಸ ಡೀಸೆಲ್ ಗಾಡಿಗಳಲ್ಲಿ, ಆ ಸುಡುವಿಕೆ ಮತ್ತೆ ಮತ್ತೆ ಅರ್ಧಕ್ಕೆ ನಿಂತರೆ ಉರಿಯದ ಡೀಸೆಲ್ ಆಯಿಲಿಗೆ ಇಳಿದು ತೆಳುವಾಗಿಸುತ್ತದೆ. ನಿಧಾನಗತಿಯ ಕಾಡುದಾರಿಯ ಓಡಾಟದಲ್ಲಿ ಇದು ನಡೆಯುವಂಥದ್ದೇ. ಮಟ್ಟ ಗರಿಷ್ಠ ಗುರುತು ದಾಟಿದ್ದರೆ ಅಂತರ ಮುಗಿಯಲಿ ಎಂದು ಕಾಯದೆ ಬದಲಾಯಿಸಿ. ಇಂಥ ಗಾಡಿಗೆ ಬೂದಿ ಕಡಿಮೆ ಇರುವ ದರ್ಜೆಯ ಆಯಿಲೇ ಆಗಬೇಕು.

ಗಾಳಿ ಮತ್ತು ಡೀಸೆಲ್ ಫಿಲ್ಟರ್

ಏರ್ ಫಿಲ್ಟರನ್ನು ದಿನವೂ ತೆಗೆದು ಹೊಡೆದು ಝಾಡಿಸುವವರು ಅದಕ್ಕೆ ಉಪಕಾರ ಮಾಡುತ್ತಿಲ್ಲ. ಪ್ರತಿ ಸಲ ತೆಗೆದಾಗಲೂ ಅಂಚಿನ ಧೂಳು ಸ್ವಚ್ಛ ಬದಿಗೆ ಬೀಳುವ ಅಪಾಯವಿದೆ, ಜೋರಾದ ಗಾಳಿಯ ಹೊಡೆತಕ್ಕೆ ಕಾಗದ ಹರಿಯುತ್ತದೆ. ಊದಲೇಬೇಕಾದರೆ ಒಳಗಿನಿಂದ ಹೊರಗೆ, ಕಡಿಮೆ ಒತ್ತಡದಲ್ಲಿ ಊದಿ. ನಿಜವಾದ ಪರೀಕ್ಷೆ ಬೇರೆ. ಫಿಲ್ಟರಿನ ಆಚೆ ಬದಿಯ ಪೈಪಿನ ಒಳಗೆ ಬಿಳಿ ಬಟ್ಟೆ ಸುತ್ತಿದ ಬೆರಳಾಡಿಸಿ. ಧೂಳು ಹತ್ತಿದರೆ ಫಿಲ್ಟರ್ ಸರಿಯಾಗಿ ಕೂತಿಲ್ಲ ಅಥವಾ ಎಲ್ಲೋ ಕ್ಲಾಂಪ್ ಸಡಿಲವಾಗಿದೆ. ಆ ಧೂಳು ಸಿಲಿಂಡರಿನ ಗೋಡೆಯನ್ನು ಉಜ್ಜಿ ಸವೆಸುತ್ತದೆ. ಸ್ನಾರ್ಕೆಲ್ (ಎಂಜಿನ್ ಎತ್ತರದಿಂದ ಗಾಳಿ ಎಳೆಯಲು ಹಾಕುವ ಕೊಳವೆ) ಹಾಕಿಸಿದವರು ಅದರ ಪ್ರತಿ ಜೋಡಣೆಯಲ್ಲೂ ಸೀಲ್ ಇದೆಯೇ ಎಂದು ನೋಡಬೇಕು. ಮೇಲೆ ಎತ್ತರದ ಕೊಳವೆ, ಕೆಳಗೆ ಸೀಳು ಇದ್ದರೆ ಹೊಳೆಯಲ್ಲಿ ಅದರಿಂದ ಪ್ರಯೋಜನವಿಲ್ಲ.

ಡೀಸೆಲ್ ಫಿಲ್ಟರಿನ ತಳದಲ್ಲಿ ನೀರು ಸೇರುವ ಬಟ್ಟಲು ಇದ್ದರೆ ಅದರ ತಿರುಪನ್ನು ಸಡಿಲಿಸಿ, ಬರೀ ಡೀಸೆಲ್ ಬರುವವರೆಗೆ ಹರಿಯಬಿಡಿ. ಡಬ್ಬಿಗಳಿಂದ ಇಂಧನ ತುಂಬಿಸಿಕೊಂಡ ಪ್ರವಾಸದ ನಂತರ ಇದನ್ನು ತಪ್ಪಿಸಬೇಡಿ.

ಕೂಲೆಂಟ್ ಮತ್ತು ರೇಡಿಯೇಟರ್

ಎಂಜಿನ್ ಬಿಸಿಯಿರುವಾಗ ಮುಚ್ಚಳ ತೆರೆಯಬೇಡಿ. ಒತ್ತಡದಲ್ಲಿರುವ ಕೂಲೆಂಟ್ ಮುಖಕ್ಕೆ ಹಾರುತ್ತದೆ. ಗ್ಲೈಕಾಲ್ ಮತ್ತು ಶುದ್ಧೀಕರಿಸಿದ ನೀರು ಅರ್ಧಕ್ಕರ್ಧ ಇದ್ದರೆ ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ, ಕುದಿಯುವ ಬಿಂದುವೂ ಬರೀ ನೀರಿಗಿಂತ ಮೇಲಿರುತ್ತದೆ. ಅದಕ್ಕಿಂತ ಮುಖ್ಯವಾಗಿ ತುಕ್ಕು ತಡೆಯುವ ರಾಸಾಯನಿಕಗಳು ಅದರಲ್ಲಿವೆ, ಅವು ಕಾಲಕ್ರಮೇಣ ಖರ್ಚಾಗುತ್ತವೆ. ಬಣ್ಣ ನೋಡಿ ಕೂಲೆಂಟ್ ಆರಿಸಬೇಡಿ. ಹಸಿರು, ಕೆಂಪು, ಗುಲಾಬಿ ಎಂಬುದಕ್ಕೆ ಎಲ್ಲ ತಯಾರಕರೂ ಒಪ್ಪಿದ ಅರ್ಥವಿಲ್ಲ. ಡಬ್ಬಿಯ ಮೇಲಿನ ದರ್ಜೆ ಓದಿ.

ಬದಲಾಯಿಸುವಾಗ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿಡಿ, ಇಲ್ಲದಿದ್ದರೆ ಹೀಟರಿನೊಳಗಿನ ಹಳೆಯದು ಅಲ್ಲೇ ಉಳಿಯಬಹುದು. ತಂಪಾದ ಎಂಜಿನ್‌ನಲ್ಲಿ ನಿಧಾನವಾಗಿ ತುಂಬಿ, ಗಾಳಿಗುಳ್ಳೆ ಹೋಗುವವರೆಗೆ ಓಡಿಸಿ, ಆರಿದ ಮೇಲೆ ಮತ್ತೆ ಮಟ್ಟ ನೋಡಿ. ರೇಡಿಯೇಟರಿನ ರೆಕ್ಕೆಗಳಲ್ಲಿ ಒಣಗಿದ ಕೆಸರನ್ನು ಎಂಜಿನ್ ಬದಿಯಿಂದ ಮುಂದಕ್ಕೆ, ಮೆತ್ತಗಿನ ನೀರಿನ ಧಾರೆಯಿಂದ ತೊಳೆಯಬೇಕು. ಮುಂದಿನಿಂದ ಜೋರಾಗಿ ಹೊಡೆದರೆ ಕೆಸರು ಇನ್ನೂ ಒಳಗೆ ಸೇರುತ್ತದೆ, ರೆಕ್ಕೆಗಳೂ ಮಡಚುತ್ತವೆ. ಏರುದಾರಿಯಲ್ಲಿ ಮಾತ್ರ ಕಾಯುವ ಗಾಡಿಗಳಲ್ಲಿ ನಾನು ಮೊದಲು ಅನುಮಾನಿಸುವುದು ಈ ಕೆಸರನ್ನು, ಥರ್ಮೋಸ್ಟಾಟನ್ನು ಆಮೇಲೆ.

ಬ್ರೇಕ್ ಆಯಿಲ್

ಗ್ಲೈಕಾಲ್ ಮೂಲದ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ಶೇ. 3.7ರಷ್ಟು ನೀರು ಸೇರಿದಾಗ ಆ ಕನಿಷ್ಠ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಬಂದರೆ ಆಯಿಲ್ ಕುದಿದು ಆವಿಗುಳ್ಳೆಯಾಗಿ ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ, ಗಾಡಿ ಓಡಿರಲಿ, ಬಿಡಲಿ. ಡಾಟ್ 5 ಸಿಲಿಕೋನ್ ಮೂಲದ್ದು, ಇವುಗಳ ಜೊತೆ ಬೆರೆಸಬಾರದು. ಡಾಟ್ 5.1 ಗ್ಲೈಕಾಲ್ ಗುಂಪಿನದೇ.

ಮೊದಲು ಮಾಸ್ಟರ್ ಸಿಲಿಂಡರಿಗೆ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಭಾಗಕ್ಕೆ) ಆಯಿಲ್ ಕೊಡುವ ಡಬ್ಬದಲ್ಲಿರುವ ಹಳೆಯ ಆಯಿಲನ್ನು ಸಿರಿಂಜಿನಿಂದ ಹೀರಿ ಹೊಸದನ್ನು ತುಂಬಿ. ನಂತರ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರುಮಾಡಿ. ಇದು ಸಾಮಾನ್ಯ ಕ್ರಮ, ನಿಮ್ಮ ಗಾಡಿಗೆ ಬೇರೆ ಇದ್ದರೆ ಅದನ್ನೇ ಅನುಸರಿಸಿ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿ ಆಯಿಲ್ ಹೊರಬಿಡುವ ಬ್ಲೀಡರ್ ತಿರುಪು ತೆರೆದು, ಮುಚ್ಚಿ, ಆಮೇಲೆ ‘ಬಿಡಿ’ ಎನ್ನಬೇಕು. ಹಳೆಯ ಗಾಡಿಯಾದರೆ ಪೆಡಲ್ ಕೆಳಗೆ ಮರದ ತುಂಡು ಇಡಿ. ಪೂರ್ತಿ ಆಳಕ್ಕೆ ಒತ್ತಿದರೆ ಸಿಲಿಂಡರಿನ ಬಳಸದ, ತುಕ್ಕು ಹಿಡಿದ ಭಾಗದ ಮೇಲೆ ಸೀಲ್ ಹೋಗಿ ಹರಿಯುತ್ತದೆ. ಬಣ್ಣದ ಮೇಲೆ ಬಿದ್ದ ಹನಿಯನ್ನು ಕೂಡಲೇ ನೀರಿನಿಂದ ತೊಳೆಯಿರಿ. ಹೈಡ್ರಾಲಿಕ್ ಕ್ಲಚ್ ಇದ್ದರೆ ಅದನ್ನೂ ಇದರ ಜೊತೆಗೇ ಮುಗಿಸಿ, ಎಲ್ಲರೂ ಮರೆಯುವುದು ಅದನ್ನೇ.

ಗ್ರೀಸ್

ಆಕ್ಸಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಯೂನಿವರ್ಸಲ್ ಜಾಯಿಂಟ್‌ಗಳಿಗೆ (ಬಾಗುವ ಕೀಲುಗಳಿಗೆ) ಗ್ರೀಸ್ ತುಂಬುವ ನಿಪ್ಪಲ್ ಇದ್ದರೆ, ಅದನ್ನು ಒರೆಸಿ, ನಾಲ್ಕೂ ಕಪ್‌ಗಳ ಅಂಚಿನಿಂದ ಹೊಸ ಗ್ರೀಸ್ ಇಣುಕುವವರೆಗೆ ಗನ್ ಒತ್ತಿ. ಹೊರಬರುವ ಹಳೆಯ ಗ್ರೀಸ್ ತುಕ್ಕಿನ ಬಣ್ಣದಲ್ಲಿದ್ದರೆ ಒಳಗೆ ನೀರಿದೆ. ಶಾಫ್ಟ್ ಉದ್ದ ಹಿಗ್ಗಿ ಕುಗ್ಗುವ ಸ್ಲಿಪ್ ಜಾಯಿಂಟ್‌ಗೆ ಮಾತ್ರ ಹಾಗೆ ತುಂಬಬಾರದು. ಶಾಫ್ಟ್ ತುಸು ಉದ್ದವಾಗತೊಡಗಿದ್ದು ಕಂಡ ತಕ್ಷಣ ನಿಲ್ಲಿಸಿ. ಒಳಗೆ ಗ್ರೀಸ್ ಗಿಡಿದು ತುಂಬಿದರೆ ಸಸ್ಪೆನ್ಷನ್ ಒತ್ತಿದಾಗ ಶಾಫ್ಟ್ ಕುಗ್ಗಲು ಜಾಗವಿಲ್ಲದೆ ಬೇರಿಂಗ್‌ಗೆ ಗುದ್ದುತ್ತದೆ. ಬೇಕಾದರೆ ನಿಪ್ಪಲ್ ಬಿಚ್ಚಿ ಹೆಚ್ಚಿನದನ್ನು ಹೊರಬಿಡಿ.

ಬೇಕೆಂದಾಗ ಮಾತ್ರ ಹಾಕುವ ಫೋರ್ ವೀಲ್ ವ್ಯವಸ್ಥೆಯಾದರೆ ತಿಂಗಳಿಗೊಮ್ಮೆ ಸಡಿಲ ನೆಲದಲ್ಲಿ ಅದನ್ನು ಹಾಕಿ ಕೆಲವು ಕಿಲೋಮೀಟರ್ ಓಡಿಸಿ, ಲೋ ರೇಂಜನ್ನೂ ಹಾಕಿ ತೆಗೆಯಿರಿ. ಬಳಸದೆ ಬಿಟ್ಟ ಲಿವರ್ ಬೇಕಾದ ದಿನವೇ ಕಚ್ಚಿಕೊಳ್ಳುತ್ತದೆ. ಒಣ ಡಾಂಬರಿನಲ್ಲಿ ಮಾತ್ರ ಈ ಅಭ್ಯಾಸ ಬೇಡ.

ಹೊಳೆ ದಾಟಿ ಬಂದ ಮೇಲೆ

ಆಕ್ಸಲ್ ಮುಳುಗಿದ್ದರೆ ಅದೇ ದಿನ ಜಾಯಿಂಟ್‌ಗಳಿಗೆ ಗ್ರೀಸ್ ಕೊಡಿ. ಗಾಡಿಯನ್ನು ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಡಿಫರೆನ್ಷಿಯಲ್‌ಗಳ ಕೆಳಗಿನ ಪ್ಲಗ್ಗನ್ನು ತುಸುವೇ ಸಡಿಲಿಸಿ. ನೀರು ಆಯಿಲಿಗಿಂತ ಭಾರ, ಬೆರೆಯದೆ ಉಳಿದಿದ್ದರೆ ಮೊದಲ ಹನಿಗಳು ಅದರದ್ದೇ. ಶುದ್ಧ ಆಯಿಲ್ ಬಂದರೆ ಬಿಗಿ ಮಾಡಿ, ಮೇಲಿನ ರಂಧ್ರದಲ್ಲಿ ಬೆರಳಿಟ್ಟು ಬಣ್ಣವನ್ನೂ ಮಟ್ಟವನ್ನೂ ನೋಡಿ. ಎಂಜಿನ್ ಡಿಪ್‌ಸ್ಟಿಕ್ಕಿನಲ್ಲಿ ಬಿಳಿನೊರೆ ಕಂಡರೆ ಸ್ಟಾರ್ಟ್ ಮಾಡಲೇಬೇಡಿ.

ಹೊಗೆ ಕೊಳವೆಯ ಸುತ್ತ ಸಿಕ್ಕಿಕೊಂಡ ಒಣಹುಲ್ಲನ್ನು ಕೈಯಿಂದ ಕಿತ್ತು ತೆಗೆಯಿರಿ, ಅದು ಬೆಂಕಿಗೆ ದಾರಿ. ಡ್ರಮ್ ಬ್ರೇಕ್ ಒಳಗಿನ ಕೆಸರು ತೊಳೆಯಿರಿ. ಸ್ಟಿಯರಿಂಗ್ ಮತ್ತು ಆಕ್ಸಲ್‌ಗಳ ರಬ್ಬರ್ ಬೂಟುಗಳಲ್ಲಿ ಸೀಳಿದೆಯೇ ಎಂದು ಮಡಿಕೆಗಳನ್ನು ಬಿಡಿಸಿ ನೋಡಿ. ಚಕ್ರ ಬಿಚ್ಚಿ ಹಾಕಿದ್ದರೆ 50ರಿಂದ 100 ಕಿ.ಮೀ. ಓಡಿದ ಮೇಲೆ ನಟ್ಟುಗಳ ಬಿಗಿ ಮತ್ತೊಮ್ಮೆ ಪರೀಕ್ಷಿಸಿ.

ಬರೆದಿಡುವುದು

ಗಾಡಿಯಲ್ಲೇ ಒಂದು ನೋಟ್‌ಬುಕ್ ಇರಲಿ. ‘ಆಯಿಲ್ ಬದಲಾಯಿಸಿದೆ’ ಎಂದಷ್ಟೇ ಬರೆದರೆ ಉಪಯೋಗವಿಲ್ಲ. ‘ಹಿಂದಿನ ಡಿಫರೆನ್ಷಿಯಲ್, 80ಡಬ್ಲ್ಯು-90, ಇಳಿದದ್ದು 2.1 ಲೀಟರ್, ತುಂಬಿದ್ದು 2.2, ಅಯಸ್ಕಾಂತದಲ್ಲಿ ಬೂದು ಲೇಪ, ಚೂರಿಲ್ಲ’ ಎಂದು ಬರೆಯಿರಿ. ಗುರುತಿರುವ ಡಬ್ಬಿ ಬೇಕಾದದ್ದು ಇದಕ್ಕೇ. ಇಳಿದದ್ದು ಹಿಂದಿನ ಬಾರಿ ತುಂಬಿದ್ದಕ್ಕಿಂತ ಪ್ರತಿ ಸಲ ಕಡಿಮೆಯಾಗುತ್ತಾ ಹೋದರೆ ಎಲ್ಲೋ ಸೀಲ್ ಸೋರುತ್ತಿದೆ, ನೆಲದ ಮೇಲೆ ಕಲೆ ಕಾಣದಿದ್ದರೂ. ಹೆಚ್ಚಾದರೆ ನೀರು ಸೇರಿದೆ. ಗೇರ್ ಬಾಕ್ಸಿನಿಂದ ಕಡಿಮೆ ಬಂದು, ಪಕ್ಕದ ಟ್ರಾನ್ಸ್‌ಫರ್ ಕೇಸಿನಿಂದ ತುಂಬಿದ್ದಕ್ಕಿಂತ ಹೆಚ್ಚು ಬಂದರೆ ಎರಡರ ನಡುವಿನ ಒಳಸೀಲ್ ಹೋಗಿದೆ. ಹೊರಗೆ ಒಂದು ಹನಿಯೂ ಬೀಳದೆ ಗೇರ್ ಬಾಕ್ಸ್ ಬರಿದಾಗುವುದು ಹೀಗೆಯೇ. ಆ ಸೀಲ್ ಬದಲಾಯಿಸುವವರೆಗೆ ಎರಡರ ಮಟ್ಟವನ್ನೂ ಪ್ರತಿ ಪ್ರವಾಸಕ್ಕೆ ಮೊದಲು ನೋಡಿ.